ಮೋಡದ ಗಣಕಕ್ಕೂ ಮಳೆಗಾಲದ ದಾಸ್ತಾನು ಬೇಕು

ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಕೆಲಸ ಬೇಸಿಗೆಯಲ್ಲೇ ಆರಂಭವಾಗುತ್ತದೆ. ದರಕು ಕೊಟ್ಟಿಗೆ ಸೇರುತ್ತದೆ, ಕಟ್ಟಿಗೆ ಸೂರಿನಡಿಗೆ ಬರುತ್ತದೆ, ಅಪ್ಪೆಮಿಡಿ ಭರಣಿಗೆ ಇಳಿಯುತ್ತದೆ, ಹಲಸಿನ ಹಪ್ಪಳ ಅಂಗಳದಲ್ಲಿ ಒಣಗುತ್ತದೆ. ಹಳ್ಳದ ಸಂಕ ಕೊಚ್ಚಿಹೋದರೂ ಒಲೆ ಆರಬಾರದೆಂಬ ಮುಂದಾಲೋಚನೆ ಇದರ ಹಿಂದಿದೆ. ಹಳ್ಳಿಗಳಿಗೂ ಲ್ಯಾಪ್‌ಟಾಪ್ ಬಂದಿರುವ ಈ ಕಾಲದಲ್ಲಿ, ಅದೇ ಮುಂದಾಲೋಚನೆಯನ್ನು ಗಣಕಯಂತ್ರದ ವಿಷಯದಲ್ಲಿ ಪಾಲಿಸುವವರು ವಿರಳ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. 2024ರ ಜುಲೈ 31ರಂದು ಕೇಂದ್ರ ಪರಿಸರ ಸಚಿವಾಲಯವು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು ಕುರಿತ ಕರಡು ಅಧಿಸೂಚನೆಯನ್ನು ಆರನೆಯ ಬಾರಿ ಹೊರಡಿಸಿತು. ಆರು ರಾಜ್ಯಗಳ 56,825 ಚದರ ಕಿ.ಮೀ.ಗೂ ಹೆಚ್ಚಿನ ನೆಲ, ಅದರಲ್ಲಿ ಕರ್ನಾಟಕದ 20,668 ಚದರ ಕಿ.ಮೀ., ಆ ಕರಡಿನಲ್ಲಿತ್ತು. ಆಕ್ಷೇಪಣೆ ಮತ್ತು ಸಲಹೆಗಳಿಗೆ ಕೊಟ್ಟ ಅವಧಿ 60 ದಿನ. ಪುಷ್ಯ ಮಳೆಯ ನಡುವೆ ಆರಂಭವಾದ ಆ ದಿನಗಳು ಹಸ್ತ ಮಳೆಯ ಹೊಸ್ತಿಲಿನಲ್ಲಿ ಮುಗಿದವು. ಅದೇ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋಗಿತ್ತು. 30ರ ನಸುಕಿನಲ್ಲಿ ವಯನಾಡಿನ ಊರುಗಳನ್ನು ಭೂಕುಸಿತ ಕೊಚ್ಚಿಕೊಂಡು ಹೋಗಿತ್ತು. ಕರಡನ್ನು ಬೆಂಬಲಿಸುವವರಿಗೂ ವಿರೋಧಿಸುವವರಿಗೂ ಇದ್ದ ತೊಡಕು ಒಂದೇ. ಕಡತವನ್ನು ಓದಬೇಕು, ಗ್ರಾಮಗಳ ಪಟ್ಟಿಯನ್ನು ನೋಡಬೇಕು, ಊರವರೊಡನೆ ಚರ್ಚಿಸಬೇಕು, ಬರೆದು ಕಳಿಸಬೇಕು. ಇಷ್ಟನ್ನೂ ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಕೈಕೊಡುವ ತಿಂಗಳುಗಳಲ್ಲಿ ಮಾಡಬೇಕು.

ಈ ಹಿನ್ನೆಲೆಯಲ್ಲಿ ಕ್ರೋಮ್‌ಬುಕ್ ಎಂಬ ಅಗ್ಗದ ಲ್ಯಾಪ್‌ಟಾಪನ್ನು ನೋಡಬೇಕಾಗಿದೆ. 2011ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂದ ಈ ಯಂತ್ರದ ಮೂಲ ಕಲ್ಪನೆಯೇ ‘ಕ್ಲೌಡ್’. ಬರೆದದ್ದು, ಲೆಕ್ಕವಿಟ್ಟದ್ದು, ಚಿತ್ರ, ಪತ್ರ ಎಲ್ಲವೂ ದೂರದ ಕಂಪನಿಯೊಂದರ ಗಣಕಾಗಾರದಲ್ಲಿ ಇರುತ್ತವೆ. ಕೈಯಲ್ಲಿರುವ ಯಂತ್ರ ಅಲ್ಲಿಗೆ ತೆರೆಯುವ ಕಿಟಕಿ. ಆದುದರಿಂದಲೇ ಅದರೊಳಗಿನ ಸಂಗ್ರಹದ ಜಾಗವೂ ಕಡಿಮೆ, ಬಹಳಷ್ಟು ಮಾದರಿಗಳಲ್ಲಿ 32 ಅಥವಾ 64 ಜಿಬಿ. ನೆಟ್ ಇಲ್ಲದ ಊರಿನಲ್ಲಿ ಇದು ತಗಡಿನ ಡಬ್ಬಿ ಎಂದು ಹೇಳುವವರಿದ್ದಾರೆ. ಆರಂಭದ ದಿನಗಳಲ್ಲಿ ಆ ಮಾತು ಬಹುಮಟ್ಟಿಗೆ ನಿಜವೂ ಆಗಿತ್ತು. ಆದರೆ 2012ರ ಜೂನ್‌ನಲ್ಲಿ ಗೂಗಲ್ ಡಾಕ್ಸ್‌ನ ಬರಹಗಳನ್ನು ಜಾಲವಿಲ್ಲದೆಯೂ ತಿದ್ದುವ ಸೌಲಭ್ಯ ಬಂದಿತು. ಇಂದು ಬರಹ, ಲೆಕ್ಕದ ಹಾಳೆ, ಸ್ಲೈಡುಗಳ ಕೆಲಸವೆಲ್ಲ ಜಾಲವಿಲ್ಲದೆ ನಡೆಯುತ್ತದೆ. ಒಂದೇ ಷರತ್ತೆಂದರೆ, ಸಿದ್ಧತೆಯನ್ನು ಜಾಲವಿರುವಾಗಲೇ ಮಾಡಿಕೊಂಡಿರಬೇಕು.

ಆ ಸಿದ್ಧತೆ ಕಷ್ಟದ್ದಲ್ಲ. ಯಂತ್ರವನ್ನು ಬಳಸುವ ಪ್ರತಿಯೊಬ್ಬರೂ ಜಾಲವಿರುವ ಕಡೆ ಒಮ್ಮೆಯಾದರೂ ತಮ್ಮ ಖಾತೆಯಿಂದ ಅದರೊಳಗೆ ಪ್ರವೇಶಿಸಿರಬೇಕು. ಮೊದಲ ಪ್ರವೇಶ ಜಾಲವಿಲ್ಲದೆ ಆಗದು. ಗೂಗಲ್ ಡ್ರೈವ್‌ನ ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಆಯ್ಕೆಯನ್ನು ಚಾಲೂ ಮಾಡಬೇಕು. ಬಳಿಕ ಮುಖ್ಯ ಕಡತಗಳನ್ನು ಒಂದೊಂದಾಗಿ ಆರಿಸಿ ಆಫ್‌ಲೈನ್‌ನಲ್ಲಿ ಲಭ್ಯವಿರುವಂತೆ ಗುರುತು ಹಾಕಬೇಕು. ಜಿಮೇಲ್‌ನಲ್ಲಿಯೂ ಇಂಥದೇ ಆಯ್ಕೆಯಿದ್ದು, 7, 30 ಅಥವಾ 90 ದಿನಗಳ ಪತ್ರಗಳನ್ನು ಯಂತ್ರದಲ್ಲಿ ಇರಿಸಿಕೊಳ್ಳಬಹುದು. ಜಾಲವಿಲ್ಲದಾಗ ಬರೆದ ಉತ್ತರ ಕಾದಿದ್ದು, ಸಂಪರ್ಕ ಸಿಕ್ಕಾಗ ಹೊರಡುತ್ತದೆ. ಸರ್ಕಾರಿ ಆದೇಶ, ನಕ್ಷೆ, ಪಠ್ಯಪುಸ್ತಕದ ಪಿಡಿಎಫ್‌ಗಳನ್ನು ಡೌನ್‌ಲೋಡ್ಸ್ ಎಂಬ ಕೋಶಕ್ಕೆ ಇಳಿಸಿಟ್ಟರೆ ಅವು ಯಂತ್ರದೊಳಗೇ ಉಳಿಯುತ್ತವೆ. ಇಷ್ಟಾದ ಮೇಲೆ ವೈಫೈಯನ್ನು ಬೇಕೆಂದೇ ಆರಿಸಿ ಪರೀಕ್ಷಿಸಬೇಕು. ಕನ್ನಡದ ಕೀಲಿಮಣೆ ಕೆಲಸ ಮಾಡುತ್ತದೆಯೇ, ಕಡತ ತೆರೆಯುತ್ತದೆಯೇ ಎಂಬುದು ಆಗಲೇ ತಿಳಿಯುತ್ತದೆ. ಡಾಕ್ಸ್‌ನಲ್ಲಿ ಮಾತನಾಡಿ ಬರೆಸುವ ಸೌಲಭ್ಯ ಜಾಲವಿಲ್ಲದೆ ನಡೆಯುವುದಿಲ್ಲವೆಂಬುದನ್ನೂ ನೆನಪಿಡಬೇಕು.

ವಿದ್ಯಾರ್ಥಿಗಳಿಗೆ ಇನ್ನೊಂದು ಉಪಾಯವಿದೆ. 2007ರಿಂದ ಬೆಳೆದುಬಂದಿರುವ ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ಮೂಲಕ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿಕೊಂಡು, ಜಾಲದ ಹಂಗಿಲ್ಲದೆ ಓದಬಹುದು. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯವೂ ಅದರಲ್ಲಿ ದೊರೆಯುತ್ತದೆ. 2021ರ ಜೂನ್‌ನಲ್ಲಿ, ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ರಸ್ತೆಯ ಬದಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ನಾಡೆಲ್ಲ ಕಂಡಿತು. ಎದುರಿಗೆ ಕುಳಿತು ಕೇಳಬೇಕಾದ ಪಾಠಕ್ಕೆ ಪರ್ಯಾಯವಿಲ್ಲದಿರಬಹುದು. ಆದರೆ ಓದು, ಟಿಪ್ಪಣಿ, ಲೆಕ್ಕ, ಪ್ರಬಂಧಗಳಿಗಾಗಿ ಯಾವ ಮಗುವೂ ಗುಡ್ಡ ಹತ್ತಬೇಕಾಗಿಲ್ಲ. ಶಾಲೆಯೇ ನಿರ್ವಹಿಸುವ ಖಾತೆಗಳಲ್ಲಿ ಇಂಥ ಆಯ್ಕೆಗಳನ್ನು ಮುಚ್ಚಿರಬಹುದಾದ್ದರಿಂದ, ಶಿಕ್ಷಕರು ರಜೆಗೆ ಮುನ್ನವೇ ವಿಚಾರಿಸಿ ತೆರೆಸುವುದು ಒಳಿತು.

ಪರಿಸರ ಕಾರ್ಯಕರ್ತರಿಗೆ ಇದಕ್ಕಿಂತ ಗಂಭೀರವಾದ ಪ್ರಶ್ನೆಯೊಂದಿದೆ. ಅರಣ್ಯ ಹಕ್ಕು ಕಾಯಿದೆಯ ಅರ್ಜಿಗಳು, ಗ್ರಾಮಸಭೆಯ ನಿರ್ಣಯಗಳು, 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಇರಬೇಕಾದ ಜನತಾ ಜೀವವೈವಿಧ್ಯ ದಾಖಲಾತಿ, ಇವು ಒಂದು ಊರಿನ ಬದುಕಿನ ಪತ್ರಗಳು. ಇವುಗಳ ಏಕೈಕ ಪ್ರತಿ ಒಬ್ಬ ಯುವಕನ ಖಾತೆಯಲ್ಲಿ, ಆತ ಮಾತ್ರ ಬಲ್ಲ ಪಾಸ್‌ವರ್ಡಿನ ಹಿಂದೆ ಇರುವುದು ಅಪಾಯಕರ. ಆತ ಉದ್ಯೋಗ ಹಿಡಿದು ಬೆಂಗಳೂರಿಗೆ ಹೋದನೆಂದರೆ ಊರಿನ ನೆನಪೇ ಹೋದಂತೆ. ಇಲ್ಲಿ ತಿಳಿಯಬೇಕಾದ ಸೂಕ್ಷ್ಮವೊಂದಿದೆ. ಗೂಗಲ್ ಡಾಕ್ಸ್‌ನ ಕಡತವನ್ನು ಪೆನ್‌ಡ್ರೈವಿಗೆ ಎಳೆದ ಮಾತ್ರಕ್ಕೆ ಬರಹ ಬಂದಿತೆಂದು ತಿಳಿಯಬಾರದು. ಕೋಶದಲ್ಲಿ ಕಾಣುವ ಆ ಹೆಸರು ಬರಹದ ವಿಳಾಸವಷ್ಟೇ. ಜಾಲವಿರುವಾಗ ಅದನ್ನು ಪಿಡಿಎಫ್ ಅಥವಾ ವರ್ಡ್ ರೂಪದಲ್ಲಿ ಇಳಿಸಿಕೊಂಡು, ಅನಂತರ ಪೆನ್‌ಡ್ರೈವಿಗೆ ನಕಲು ಮಾಡಬೇಕು. ಯಂತ್ರವನ್ನು ಮೊದಲ ಸ್ಥಿತಿಗೆ ಮರಳಿಸಿದರೆ ಅದರೊಳಗಿನದೆಲ್ಲ ಅಳಿಸಿಹೋಗುವುದರಿಂದ ಈ ಎರಡನೆಯ ಪ್ರತಿ ಅನಿವಾರ್ಯ. ಮುಖ್ಯ ಕಾಗದಗಳಿಗೆ ಮೂರನೆಯದೊಂದು ಪ್ರತಿ, ಅಚ್ಚಾಗಿ, ಪಂಚಾಯಿತಿಯ ಕಪಾಟಿನಲ್ಲಿ ಇರಲಿ.

ಕಾಗದ, ಪೆನ್ನು ಸಾಲದೇ, ಈ ಯಂತ್ರದ ಗೊಡವೆ ಏಕೆ ಎಂದು ಕೇಳುವ ಹಿರಿಯರ ಮಾತಿನಲ್ಲಿಯೂ ತಿರುಳಿದೆ. 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ಕಸವನ್ನು ಉತ್ಪಾದಿಸಿತೆಂದೂ, ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆಯಿರುವುದು ಶೇ. 22.3 ಮಾತ್ರವೆಂದೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿ ಹೇಳುತ್ತದೆ. ‘ಕ್ಲೌಡ್’ ಎಂಬ ಹಗುರ ಹೆಸರಿನ ಗಣಕಾಗಾರಗಳು 2024ರಲ್ಲಿ ಜಗತ್ತಿನ ವಿದ್ಯುತ್ತಿನ ಸುಮಾರು ಶೇ. 1.5ನ್ನು ನುಂಗಿವೆ. ಕ್ರೋಮ್‌ಬುಕ್‌ಗಳಿಗೂ ಅವಧಿಯಿದೆ. ಭದ್ರತೆಯ ಪರಿಷ್ಕರಣೆಗಳು ಒಂದು ದಿನ ನಿಲ್ಲುತ್ತವೆ. ಟೀಕೆಗಳು ಹೆಚ್ಚಿದ ಮೇಲೆ 2023ರಲ್ಲಿ ಕಂಪನಿಯು ಈ ಅವಧಿಯನ್ನು ಹತ್ತು ವರ್ಷಗಳಿಗೆ ವಿಸ್ತರಿಸಿತು. ಹಾಗೆಂದು ಅವಧಿ ಮುಗಿದ ಯಂತ್ರ ಕಸದ ರಾಶಿಗೆ ಹೋಗಬೇಕಾಗಿಲ್ಲ. ಬ್ಯಾಂಕಿನ ವ್ಯವಹಾರಕ್ಕೆ ಅದು ತಕ್ಕುದಲ್ಲ. ಆದರೆ ಜಾಲ ಬಿಟ್ಟು, ಇಳಿಸಿಟ್ಟ ಪುಸ್ತಕಗಳನ್ನು ಓದಲು ಇನ್ನಷ್ಟು ವರ್ಷ ದುಡಿಯಬಲ್ಲದು. ಹೊಸದನ್ನು ಕೊಳ್ಳುವುದಕ್ಕಿಂತ ಇರುವುದನ್ನು ಪೂರ್ತಿ ಬಳಸುವುದೇ ಹಸಿರು ಮಾರ್ಗ.

ಟವರ್ ಬೇಡಿಕೆಯನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಸಂಪರ್ಕ ಮಲೆನಾಡಿಗರ ಹಕ್ಕು. ಅದಕ್ಕಾಗಿ ಒತ್ತಾಯ ಮುಂದುವರಿಯಲೇಬೇಕು. ಆದರೆ ಟವರ್ ಬಂದರೂ ಆಶ್ಲೇಷ ಮಳೆಯಲ್ಲಿ ಮರ ಬಿದ್ದು ತಂತಿ ಕಡಿಯುವುದು ತಪ್ಪದು. ಪ್ರತಿ ಊರಿನ ಯುವಕ ಸಂಘ, ಸ್ತ್ರೀಶಕ್ತಿ ಸಂಘ, ಶಾಲೆಗಳು ಮೇ ತಿಂಗಳು ಮುಗಿಯುವುದರೊಳಗೆ ಒಂದು ಸಂಜೆಯನ್ನು ಈ ಕೆಲಸಕ್ಕೆ ಮೀಸಲಿಟ್ಟು, ಊರಿನ ಕಡತಗಳನ್ನು ಇಳಿಸಿ, ಪ್ರತಿ ಮಾಡಿ, ಜಾಲ ಆರಿಸಿ ಪರೀಕ್ಷಿಸಿಕೊಳ್ಳಲಿ. ಮೋಡವನ್ನು ನಂಬಿ ಬಿತ್ತುವ ರೈತನೂ ಕಣಜದಲ್ಲಿ ಒಂದಿಷ್ಟು ಬೀಜವನ್ನು ಉಳಿಸಿಕೊಂಡೇ ಬಿತ್ತುತ್ತಾನೆ. ಮುಂದಿನ ಅಧಿಸೂಚನೆಯೂ ಮಳೆಯ ನಡುವೆಯೇ ಬರಬಹುದು. ಅಂದು ಊರಿನ ಕಾಗದಗಳು ಊರಿನಲ್ಲೇ ಇರಬೇಕು.