ಜೇಡಿಮಣ್ಣು ಮಕ್ಕಳ ಕೈಯಲ್ಲೇ ಇರಲಿ

ಶಾಲೆಗಳಲ್ಲಿ ಈಗ ‘ಪ್ರಾಜೆಕ್ಟ್’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಬಣ್ಣದ ಕ್ಲೇ ತಂದು ಹಣ್ಣು, ತರಕಾರಿ, ಸೌರಮಂಡಲಗಳ ಮಾದರಿ ಮಾಡಿಕೊಂಡು ಬರಬೇಕೆಂದು ಮಕ್ಕಳಿಗೆ ಹೇಳಲಾಗುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಎಷ್ಟೋ ಮನೆಗಳಲ್ಲಿ ರಾತ್ರಿ ಹತ್ತು ಗಂಟೆಯವರೆಗೆ ಅದನ್ನು ತಿದ್ದಿ ತೀಡುತ್ತ ಕುಳಿತಿರುವವರು ತಂದೆತಾಯಿಗಳು. ಮಗು ಆಗಲೇ ನಿದ್ರಿಸಿರುತ್ತದೆ. ಇದು ಮಗುವಿಗೆ ನಾವು ಮಾಡುವ ಉಪಕಾರವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಬಣ್ಣದ ಮಣ್ಣಿನ ಹಿಂದೆ ಶಿಕ್ಷಕರೇ ಇದ್ದಾರೆ. ಒಣಗದ ‘ಪ್ಲಾಸ್ಟಿಸಿನ್’ ಅನ್ನು 1897ರಲ್ಲಿ ರೂಪಿಸಿದವರು ಇಂಗ್ಲೆಂಡಿನ ಬಾತ್ ನಗರದ ಕಲಾಶಿಕ್ಷಕ ವಿಲಿಯಂ ಹಾರ್ಬಟ್. ವಿದ್ಯಾರ್ಥಿಗಳು ತಪ್ಪಿದರೆ ಮುರಿದು ಮತ್ತೆ ಕಟ್ಟುವಂತಿರಬೇಕೆಂಬುದೇ ಅದರ ಅನುಕೂಲ. ಅಮೆರಿಕದಲ್ಲಿ ಗೋಡೆಕಾಗದದ ಮಸಿ ತೆಗೆಯಲು ಬಳಸುತ್ತಿದ್ದ ಹಿಟ್ಟೊಂದು 1956ರಲ್ಲಿ ‘ಪ್ಲೇ-ಡೋ’ ಎಂಬ ಆಟಿಕೆಯಾಗಿ ಮಾರುಕಟ್ಟೆಗೆ ಬಂದುದಕ್ಕೂ ಒಬ್ಬ ಶಿಶುವಿಹಾರದ ಶಿಕ್ಷಕಿಯ ಸಲಹೆಯೇ ಕಾರಣ.

ನಮಗೆ ಇದು ಹೊಸತೇನಲ್ಲ. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಯಂದು ಮನೆಮನೆಯಲ್ಲೂ ಎರೆಮಣ್ಣಿನ ಜೋಡೆತ್ತುಗಳು ಮೂಡುತ್ತವೆ. ಒಂದರ ಕೋಡು ಸೊಟ್ಟಗಿರಬಹುದು, ಇನ್ನೊಂದಕ್ಕೆ ಹಿಣಿಲೇ ಇರದಿರಬಹುದು, ಪೂಜೆಗೇನೂ ಅಡ್ಡಿಯಿಲ್ಲ. ಅಲ್ಲಿ ಅಂಕ ಕೊಡುವವರಿಲ್ಲ.

ಪ್ರೌಢಶಾಲೆಯ ವಿಜ್ಞಾನ ತರಗತಿಯಲ್ಲಿ ಜೀವಕೋಶದ ಮಾದರಿಗಳನ್ನು ಬಹಳಷ್ಟು ನೋಡಿದ್ದೇನೆ. ನುಣುಪಾದ, ಅಂದವಾದ ಮಾದರಿ ತಂದವನನ್ನು “ಇದೇನಪ್ಪಾ?” ಎಂದು ಕೇಳಿದರೆ ಎಷ್ಟೋ ವೇಳೆ ಮೌನವೇ ಉತ್ತರ. ಬದಲಾಗಿ, ಒರಟಾದ ಸಸ್ಯಕೋಶ ತಂದ ಹುಡುಗಿಯೊಬ್ಬಳು, “ಭಿತ್ತಿ ನಿಲ್ಲದೆ ಮೂರು ಸಲ ಬಿತ್ತು ಸಾರ್, ಕೊನೆಗೆ ದಪ್ಪ ಮಾಡಿದೆ” ಎಂದಳು. ಕೋಶಭಿತ್ತಿ ಏಕೆ ಗಟ್ಟಿಯಾಗಿರಬೇಕೆಂಬುದನ್ನು ಅವಳಿಗೆ ನಾನು ಬೋಧಿಸಬೇಕಾಗಲಿಲ್ಲ. ಕಲಿಕೆಯಿದ್ದದ್ದು ಆ ಮೂರು ಸಲದ ಬೀಳುವಿಕೆಯಲ್ಲಿ. ತಾಯಿಯೇ ಕಟ್ಟಿಕೊಟ್ಟಿದ್ದರೆ ಅದು ತಾಯಿಯ ಪಾಲಾಗುತ್ತಿತ್ತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಅನ್ಯರ ಶ್ರಮವನ್ನು ತನ್ನದೆಂದು ಒಪ್ಪಿಸುವುದು ಸಹಜವೆಂದು ಮಗು ಚಿಕ್ಕಂದಿನಲ್ಲೇ ತಿಳಿಯುವುದು.

“ಮಗು ತಾನೇ ಮಾಡಿದರೆ ಅಂಕ ಕಡಿಮೆಯಾಗುತ್ತದಲ್ಲ?” ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ, ಅಂದಕ್ಕೆ ಅಂಕ ಕೊಡುವ ಶಿಕ್ಷಕರ ಪಾಲೂ ಇದರಲ್ಲಿದೆ. ಮಾದರಿಯನ್ನು ತರಗತಿಯಲ್ಲಿಯೇ ಮಾಡಿಸಿ, ಮಾಡಿದ ಬಗೆಯನ್ನು ಮಗುವಿನ ಬಾಯಿಂದಲೇ ಕೇಳಿ ಅಂಕ ಕೊಟ್ಟರೆ ಈ ರೋಗ ಅರ್ಧ ವಾಸಿಯಾದೀತು.

ಮನೆಯಲ್ಲಿ ಮಾತ್ರ ಅಂಕದ ಹಂಗಿಲ್ಲದ ಆಟವಿರಲಿ. ಅಂಗಡಿಯ ಡಬ್ಬಿಯೇ ಬೇಕೆಂದಿಲ್ಲ. ಎರಡು ಲೋಟ ಮೈದಾ, ಒಂದು ಲೋಟ ಪುಡಿಯುಪ್ಪು, ಎರಡು ಚಮಚ ಎಣ್ಣೆ ಬೆರೆಸಿ, ಸ್ವಲ್ಪಸ್ವಲ್ಪವೇ ನೀರು ಹಾಕುತ್ತ ಚಪಾತಿ ಹಿಟ್ಟಿನ ಹದಕ್ಕೆ ನಾದಿದರಾಯಿತು. ಹಳದಿಗೆ ಅರಿಶಿನ, ಕೆಂಪಿಗೆ ಬೀಟ್‌ರೂಟ್ ರಸ. ಉಪ್ಪು ಹಿಟ್ಟನ್ನು ಬೇಗ ಕೆಡಲು ಬಿಡುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಒಣಗುವುದೂ ಇಲ್ಲ. ಉಪ್ಪು ಅತಿಯಾಗಿರುವುದರಿಂದ ಚಿಕ್ಕ ಮಕ್ಕಳು ಬಾಯಿಗಿಡದಂತೆ ಎಚ್ಚರವಿರಬೇಕು, ಅಷ್ಟೆ. ಅಚ್ಚುಗಳನ್ನು ಕೊಡದಿದ್ದರೆ ಇನ್ನೂ ಒಳ್ಳೆಯದು. ಅಚ್ಚಿನಿಂದ ಬಂದ ಹತ್ತು ನಕ್ಷತ್ರಗಳಿಗಿಂತ ಮಗು ಉರುಳಿಸಿ ಮಾಡಿದ ಒಂದು ಹಾವು ಮಿಗಿಲು.

ನನ್ನ ಮುಂದೆ ಬೆಂಚಿನಲ್ಲಿ ಕುಳಿತಿದ್ದ ನೀವು ಬಹುತೇಕರು ಈಗ ತಂದೆತಾಯಿಗಳು. ಮಗು ಮಾಡಿದ ಆನೆಗೆ ಸೊಂಡಿಲು ಗಿಡ್ಡವೆನಿಸಿದರೆ ದಯವಿಟ್ಟು ಎಳೆದು ಉದ್ದ ಮಾಡಬೇಡಿ. ಪಕ್ಕದಲ್ಲಿ ಕುಳಿತು ನಿಮ್ಮದೇ ಒಂದು ಆನೆ ಮಾಡಿ. ನಿಮ್ಮದೂ ಸೊಟ್ಟಗೇ ಬರುತ್ತದೆ; ಅದನ್ನು ಕಂಡು ಮಗು ನಗಲಿ.