ನಲವತ್ತೊಂದಕ್ಕೆ ಅಪ್ರೆಂಟಿಸ್!

ಹೋದ ತಿಂಗಳು ಭದ್ರಾವತಿಯಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ಮಳೆ, ಅಡಿಕೆ ರೇಟು, ಯಾರ ಮನೆಯಲ್ಲಿ ಮದುವೆ ಎಲ್ಲ ಮುಗಿದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು.

"ಅಲ್ಲಮ್ಮಾ, ನೀನು ಅಲ್ಲಿ ಅಪ್ರೆಂಟಿಸ್ ಅಂತೆ, ಹೌದಾ?"

"ಹೌದು ಚಿಕ್ಕಪ್ಪ. ಸೇರಿದಾಗ ನಲವತ್ತೊಂದು. ಈಗ ಮೂರನೇ ವರ್ಷ ನಡೀತಿದೆ."

"ನಾನು ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದಾಗ ಸರಿಯಾಗಿ ಮೀಸೆ ಬಂದಿರ್ಲಿಲ್ಲ. ನಿಂಗೆ ಹೈಸ್ಕೂಲಿಗೆ ಹೋಗೋ ಮಗಳಿದ್ದಾಳಲ್ಲೇ!"

ಜೋರಾಗಿ ನಕ್ಕೆ. ಆದರೆ ಫೋನ್ ಇಟ್ಟ ಮೇಲೆ ಆ ಮಾತು ತಲೆಯಲ್ಲೇ ಸುತ್ತುತ್ತಿತ್ತು. ಅಪ್ರೆಂಟಿಸ್ ಅಂದರೆ ನಮ್ಮ ಕಡೆ ಐಟಿಐ ಮುಗಿಸಿದ ಹುಡುಗರು, ಕೈಗೆ ಗ್ರೀಸು, ಸ್ಟೈಪೆಂಡು. ಡಿಗ್ರಿ ಅಂದರೆ ಕಾಲೇಜು, ನೋಟ್ಸು, ಗೌನು. ಇವೆರಡೂ ಒಂದೇ ಆಗಬಹುದು ಅಂದರೆ ನಮಗೆ ನಂಬಿಕೆ ಬರುವುದಿಲ್ಲ. ಇಲ್ಲಿ ಇಂಗ್ಲೆಂಡಿನಲ್ಲೂ ಎಷ್ಟೋ ಜನಕ್ಕೆ ಬರುವುದಿಲ್ಲ ಅನ್ನುವುದು ಬೇರೆ ಮಾತು. ಅದಕ್ಕೇ ಇವತ್ತು ಇದರ ಬಗ್ಗೆಯೇ ಬರೆಯೋಣ ಅಂತ ಕೂತಿದ್ದೇನೆ.

ಮೊದಲು ನಾನು ಕಲಿಯುತ್ತಿರುವುದು ಏನು ಅಂತ ಹೇಳಿಬಿಡುತ್ತೇನೆ. ಆಕ್ಯುಪೇಷನಲ್ ಥೆರಪಿ. ಚುಟುಕಾಗಿ ಓಟಿ. ಊರಲ್ಲಿ ಓಟಿ ಅಂದರೆ ಆಪರೇಷನ್ ಥಿಯೇಟರ್ ಅಂದುಕೊಳ್ಳುತ್ತಾರೆ, ಇಲ್ಲವಾದರೆ ಓವರ್‌ಟೈಮ್! ಪುಸ್ತಕದ ಕನ್ನಡದಲ್ಲಿ 'ಔದ್ಯೋಗಿಕ ಚಿಕಿತ್ಸೆ' ಅಂದರೆ ಇನ್ನೂ ಕಷ್ಟ, ಕೆಲಸ ಕೊಡಿಸುವ ಕಚೇರಿ ಇರಬೇಕು ಅಂದುಕೊಳ್ಳುತ್ತಾರೆ. ಇಲ್ಲಿ ಆಕ್ಯುಪೇಷನ್ ಅಂದರೆ ಸಂಬಳದ ಕೆಲಸ ಅಲ್ಲ. ಬೆಳಗ್ಗೆ ಎದ್ದು ಮುಖ ತೊಳೆಯುವುದು, ಪಂಚೆ ಉಡುವುದು, ಜಡೆ ಹಾಕಿಕೊಳ್ಳುವುದು, ಕಾಫಿ ಬೆರೆಸುವುದು, ಬಸ್ಸು ಹತ್ತುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು, ಹೀಗೆ ದಿನವನ್ನು ದಿನ ಮಾಡುವ ಎಲ್ಲವೂ. ಡಾಕ್ಟರು ಜೀವ ಉಳಿಸುತ್ತಾರೆ. ಫಿಸಿಯೋ ಎದ್ದು ನಿಲ್ಲಿಸುತ್ತಾರೆ. ನಿಂತ ಮೇಲೆ ಆ ಮನುಷ್ಯ ತನ್ನ ಮನೆಯಲ್ಲಿ, ತನ್ನ ಬಚ್ಚಲಿನಲ್ಲಿ, ತನ್ನ ಅಡುಗೆಮನೆಯಲ್ಲಿ ಬದುಕುವುದು ಹೇಗೆ? ಆ ಪ್ರಶ್ನೆ ಓಟಿಯದ್ದು.

ಇದೇನು ಹೊಸ ವಿದ್ಯೆ ಅಲ್ಲ. ಬ್ರಿಟನ್ನಿನ ಮೊದಲ ಓಟಿ ಶಾಲೆಯನ್ನು ಡಾ. ಎಲಿಜಬೆತ್ ಕ್ಯಾಸನ್ ಅನ್ನುವವರು 1930ರಲ್ಲಿ ಬ್ರಿಸ್ಟಲ್‌ನಲ್ಲಿ ಶುರು ಮಾಡಿದರು. ನಮ್ಮ ದೇಶದಲ್ಲಿ 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಶುರುವಾಯಿತು. ಶುರು ಮಾಡಿದವರು ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್. 1952ರಲ್ಲಿ ಓಟಿಗಳ ಜಾಗತಿಕ ಒಕ್ಕೂಟ ಹುಟ್ಟಿದಾಗ ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಇಷ್ಟಾದರೂ ನನ್ನ ಅಪ್ಪನಿಗೆ ಬೇಕಾದಾಗ ಇಂಥವರು ಇದ್ದಾರೆ ಅಂತ ನಮಗೆ ಹೇಳಿದವರು ಯಾರೂ ಇರಲಿಲ್ಲ.

ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಆಸ್ಪತ್ರೆಯಲ್ಲಿ ಚೆನ್ನಾಗಿಯೇ ನೋಡಿದರು, ಸುಳ್ಳು ಹೇಳಬಾರದು. ವ್ಯಾಯಾಮ ಹೇಳಿಕೊಟ್ಟರು, ಕಾಲು ತಕ್ಕಮಟ್ಟಿಗೆ ಬಂತು. ಕೈ ಬರಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ ಎಲ್ಲರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರು. ಎಡಗೈಯಲ್ಲಿ ಊಟ ಮಾಡುವುದನ್ನು ಯಾರಾದರೂ ನೋಡಿಯಾರು ಅಂತ. ಅಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತಿನ್ನಿಸುತ್ತಿದ್ದಳು. ಊರಿನ ಯಾವ ಮದುವೆಗೂ ಅಪ್ಪ ಮತ್ತೆ ಹೋಗಲಿಲ್ಲ. ನಾಲ್ಕು ವರ್ಷ ಹಾಗೇ ಬದುಕಿ ಹೋಗಿಬಿಟ್ಟರು.

ಅದನ್ನು ಹಣೆಬರಹ ಅಂದುಕೊಂಡಿದ್ದೆವು. ಆಮೇಲೆ ಇಲ್ಲಿಗೆ ಬಂದೆ. ಮೊದಲು ವೃದ್ಧರ ಮನೆಯಲ್ಲಿ, ಆಮೇಲೆ ಒಂದು ಆಸ್ಪತ್ರೆಯ ಸ್ಟ್ರೋಕ್ ವಾರ್ಡಿನಲ್ಲಿ ಥೆರಪಿ ಅಸಿಸ್ಟೆಂಟ್ ಆಗಿ ಸೇರಿದೆ. ಅಲ್ಲಿ ಒಬ್ಬ ಓಟಿ ಪೇಷೆಂಟಿನ ಮುಂದೆ ತಟ್ಟೆ ಇಟ್ಟು, ಅದು ಜಾರದಂತೆ ಕೆಳಗೊಂದು ರಬ್ಬರ್ ಹಾಳೆ ಹಾಕಿ, ದಪ್ಪ ಹಿಡಿಯ ಚಮಚ ಕೊಟ್ಟು, "ನಿಮಗೆ ಯಾರ ಜೊತೆ ಕೂತು ಊಟ ಮಾಡೋದು ಇಷ್ಟ?" ಅಂತ ಕೇಳಿದ್ದನ್ನು ನೋಡಿದೆ. ಟಾಯ್ಲೆಟ್ಟಿಗೆ ಹೋಗಿ ಅತ್ತುಬಿಟ್ಟೆ. ಅಪ್ಪನಿಗೆ ಬೇಕಿದ್ದದ್ದು ಆ ಒಂದು ಪ್ರಶ್ನೆ ಅಷ್ಟೇ.

ಸರಿ, ನಾನೂ ಇದನ್ನೇ ಕಲಿಯಬೇಕು ಅಂತ ಹೊರಟೆ. ಸಾಮಾನ್ಯ ದಾರಿ ಮೂರು ವರ್ಷದ ಡಿಗ್ರಿ. ಆರೋಗ್ಯ ವಿಭಾಗದ ಇಂಥ ಕೋರ್ಸುಗಳಿಗೆ ಮೊದಲು ಸರ್ಕಾರವೇ ಫೀಸು ಕಟ್ಟಿ ಬರ್ಸರಿ ಕೊಡುತ್ತಿತ್ತು. 2017ರಲ್ಲಿ ಹೊಸದಾಗಿ ಸೇರುವವರಿಗೆ ಅದು ನಿಂತಿತು. ಫೀಸು ವರ್ಷಕ್ಕೆ 9,250 ಪೌಂಡ್ ಇತ್ತು, 2025-26ಕ್ಕೆ 9,535 ಆಯಿತು. 2020ರಿಂದ ವರ್ಷಕ್ಕೆ 5,000 ಪೌಂಡ್ ಸಹಾಯಧನ ಕೊಡುತ್ತಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಮನೆ ಸಾಲದ ಕಂತು ಇರುವವಳು, ಇಬ್ಬರು ಮಕ್ಕಳ ತಾಯಿ, ಸಂಬಳ ಬಿಟ್ಟು ಮೂರು ವರ್ಷ ಕೂತು ಓದುವುದು ಎಲ್ಲಿಂದ? ನಮ್ಮನೆಯವರು ಲೆಕ್ಕ ಹಾಕಿ ಹಾಕಿ ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟರು.

ಡಿಗ್ರಿ ಅಪ್ರೆಂಟಿಸ್‌ಶಿಪ್ ಕೆಲಸಕ್ಕೆ ಬಂದದ್ದು ಇಲ್ಲೇ. ಇಂಗ್ಲೆಂಡಿನಲ್ಲಿ 2017ರ ಏಪ್ರಿಲ್‌ನಿಂದ ಒಂದು ವ್ಯವಸ್ಥೆ ಇದೆ. ವರ್ಷಕ್ಕೆ 30 ಲಕ್ಷ ಪೌಂಡಿಗಿಂತ ಹೆಚ್ಚು ಸಂಬಳ ಹಂಚುವ ದೊಡ್ಡ ಸಂಸ್ಥೆಗಳು ಆ ಮಿತಿ ದಾಟಿದ ಮೊತ್ತದ ಮೇಲೆ ಶೇಕಡಾ 0.5ರಷ್ಟು ಅಪ್ರೆಂಟಿಸ್ ತೆರಿಗೆ ಕಟ್ಟಬೇಕು. ಆ ದುಡ್ಡಿನಲ್ಲಿ ತಮ್ಮ ಕೆಲಸಗಾರರಿಗೆ ತರಬೇತಿ ಕೊಡಿಸಬಹುದು. ದೊಡ್ಡ ಆಸ್ಪತ್ರೆಗಳೂ ಕಟ್ಟುತ್ತವೆ. ಹಾಗಾಗಿ ಓಟಿ ಆಗಲು ಈ ದಾರಿಯೂ ತೆರೆಯಿತು. ಸುಮಾರು ನಾಲ್ಕು ವರ್ಷ. ಕೆಲಸ ಬಿಡಬೇಕಿಲ್ಲ, ಸಂಬಳ ಬರುತ್ತದೆ, ಯೂನಿವರ್ಸಿಟಿ ಫೀಸು ನಾವು ಒಂದು ಪೆನ್ನಿಯೂ ಕಟ್ಟುವಂತಿಲ್ಲ. ವಾರದಲ್ಲಿ ಒಂದಿಷ್ಟು ಹೊತ್ತು ಪಾಠ, ಉಳಿದದ್ದು ವಾರ್ಡು. ವಯಸ್ಸಿಗೆ ಮೇಲ್ಮಿತಿ ಇಲ್ಲ.

"ಹಾಗಾದ್ರೆ ಇದು ಸುಲಭದ ಡಿಗ್ರಿ" ಅನ್ನುವವರಿಗೆ ಒಂದು ಮಾತು. ಜಾಗತಿಕ ಒಕ್ಕೂಟದ ಮಾನದಂಡದಂತೆ ಓಟಿ ಆಗುವವರು ಕನಿಷ್ಠ 1,000 ಗಂಟೆ ಪ್ಲೇಸ್‌ಮೆಂಟ್ ಮಾಡಿರಬೇಕು. (ನಮ್ಮ ಕಡೆ ಪ್ಲೇಸ್‌ಮೆಂಟ್ ಅಂದರೆ ಕ್ಯಾಂಪಸ್ಸಿನಲ್ಲಿ ಕೆಲಸ ಸಿಗುವುದು. ಇಲ್ಲಿ ಅದು ಪೇಷೆಂಟುಗಳ ನಡುವೆ ಪಡೆಯುವ ತರಬೇತಿ.) ಕಾಲೇಜಿನ ದಾರಿಯಲ್ಲಿ ಬಂದವರಿಗೂ ಅಷ್ಟೇ, ನಮಗೂ ಅಷ್ಟೇ. ಕೊನೆಗೆ ಇಬ್ಬರೂ ಸೇರುವುದು ಎಚ್‌ಸಿಪಿಸಿ ಅನ್ನುವ ಒಂದೇ ನೋಂದಣಿ ಪಟ್ಟಿಗೆ. ಅದರಲ್ಲಿ ಹೆಸರಿಲ್ಲದೆ ಇಲ್ಲಿ ಯಾರೂ ತಾನು ಆಕ್ಯುಪೇಷನಲ್ ಥೆರಪಿಸ್ಟ್ ಅಂತ ಹೇಳಿಕೊಳ್ಳುವಂತಿಲ್ಲ, ಅಪರಾಧ. ಆ ಪಟ್ಟಿಯಲ್ಲಿ 'ಇವರು ಅಪ್ರೆಂಟಿಸ್ ಆಗಿ ಬಂದವರು' ಅಂತ ಬೇರೆ ಬಣ್ಣದಲ್ಲಿ ಬರೆದಿರುವುದಿಲ್ಲ :-)

ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ. ಈ ವೃತ್ತಿಗೆ ಕೈಯಿಂದ ಶುರುವಾಗುವ ಕಲಿಕೆಯೇ ಹೆಚ್ಚು ಹೊಂದುತ್ತದೆ ಅಂತ ನನ್ನ ನಂಬಿಕೆ. ಒಂದು ಉದಾಹರಣೆ ಕೊಡುತ್ತೇನೆ. ಪೇಷೆಂಟನ್ನು ಮನೆಗೆ ಕಳಿಸುವ ಮುಂಚೆ ವಾರ್ಡಿನ ಪುಟ್ಟ ಅಡುಗೆಮನೆಯಲ್ಲಿ ಚಹಾ ಮಾಡಿಸಿ ನೋಡುವುದು ಇಲ್ಲಿ ರೂಢಿ. ಕೆಟಲ್ಲಿಗೆ ನೀರು ತುಂಬುವುದು, ಕಪ್ಪಿಗೆ ಚಹಾ ಚೀಲ ಹಾಕುವುದು, ಹಾಲು ಹುಡುಕಿ ತೆಗೆಯುವುದು. ನೆನಪು, ಕೈ ಹಿಡಿತ, ಕ್ರಮ, ಬಿಸಿ ವಸ್ತುವಿನ ಎಚ್ಚರ ಎಲ್ಲ ಅದರಲ್ಲೇ ಗೊತ್ತಾಗುತ್ತದೆ. ಒಮ್ಮೆ ಒಬ್ಬ ಗುಜರಾತಿ ಅಜ್ಜಿ. ಕೆಟಲ್ ಮುಂದೆ ಸುಮ್ಮನೆ ನಿಂತುಬಿಟ್ಟರು. ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದರು. ನೋಡುತ್ತಿದ್ದ ವಿದ್ಯಾರ್ಥಿನಿ, ಪಾಪ ಒಳ್ಳೆಯ ಹುಡುಗಿ, 'ಕೆಲಸದ ಕ್ರಮ ತಿಳಿಯುತ್ತಿಲ್ಲ' ಅಂತ ಬರೆದುಕೊಳ್ಳುತ್ತಿದ್ದಳು. ನಾನು ಒಂದು ಪಾತ್ರೆ, ಚಹಾಪುಡಿ, ಶುಂಠಿ, ಸಕ್ಕರೆ ತಂದು ಮುಂದಿಟ್ಟೆ. ಅಜ್ಜಿ ಒಂದೇ ಕೈಯಲ್ಲಿ ಶುಂಠಿ ಜಜ್ಜಿ, ಉಕ್ಕುವ ಹೊತ್ತಿಗೆ ಸರಿಯಾಗಿ ಉರಿ ಸಣ್ಣ ಮಾಡಿ, ನಮ್ಮಿಬ್ಬರಿಗೂ ಕೊಟ್ಟರು. ಅಜ್ಜಿಯ ತಲೆ ಸರಿಯಾಗೇ ಇತ್ತು, ನಾವು ಕೊಟ್ಟ ಪರೀಕ್ಷೆ ತಪ್ಪಿತ್ತು.

ಇದನ್ನು ನನ್ನ ಜಾಣತನ ಅಂತ ಹೇಳುತ್ತಿಲ್ಲ. ಮನೆ ನಡೆಸಿದವರಿಗೆ, ವರ್ಷಗಟ್ಟಲೆ ಹಾಸಿಗೆ ಪಕ್ಕ ನಿಂತವರಿಗೆ ಇಂಥದ್ದು ತಾನಾಗೇ ಕಾಣುತ್ತದೆ. ಆದರೆ ಕಂಡದ್ದನ್ನು ಯಾಕೆ ಹಾಗೆ ಅಂತ ವಿವರಿಸಲು, ಡಾಕ್ಟರ ಮುಂದೆ ವಾದಿಸಲು, ರಿಪೋರ್ಟಿನಲ್ಲಿ ಬರೆಯಲು ನನಗೆ ಬರುತ್ತಿರಲಿಲ್ಲ. ಅಸಿಸ್ಟೆಂಟ್ ಹೇಳಿದರೆ ಅದು 'ಅನಿಸಿಕೆ', ಓಟಿ ಹೇಳಿದರೆ 'ಅಸೆಸ್‌ಮೆಂಟ್'. ಆ ಅಂತರ ದಾಟಲು ಓದಬೇಕು. ಕೈಗೆ ಗೊತ್ತಿದ್ದದ್ದಕ್ಕೆ ಓದು ಮಾತು ಕೊಡುತ್ತದೆ. ನನಗೆ ಈ ದಾರಿ ಇಷ್ಟವಾಗುವುದು ಅದಕ್ಕೇ.

ಇಷ್ಟೆಲ್ಲ ಹೊಗಳಿದ ಮೇಲೆ ಕಹಿಯನ್ನೂ ಹೇಳದಿದ್ದರೆ ಜಾಹೀರಾತು ಆಗಿಬಿಡುತ್ತದೆ.

'ಫ್ರೀ ಡಿಗ್ರಿ' ಅನ್ನುವುದು ಅರ್ಧ ಸತ್ಯ. ಆ ತೆರಿಗೆ ದುಡ್ಡು ಪಾಠಕ್ಕೆ ಮಾತ್ರ, ಸಂಬಳಕ್ಕಲ್ಲ. ನಾನು ಪಾಠಕ್ಕೆ ಹೋದ ದಿನ ವಾರ್ಡಿನಲ್ಲಿ ನನ್ನ ಜಾಗಕ್ಕೆ ಬೇರೆಯವರನ್ನು ತರಬೇಕಾದರೆ ಅದನ್ನು ಆಸ್ಪತ್ರೆ ತನ್ನ ಜೇಬಿನಿಂದ ಕೊಡಬೇಕು. ನನ್ನ ವಿಷಯದಲ್ಲಿ ಬಹಳ ಸಲ ಯಾರೂ ಬರಲಿಲ್ಲ. ನನ್ನ ಪಾಲಿನ ಕೆಲಸ ಜೊತೆಗಿದ್ದ ಇಬ್ಬರ ತಲೆ ಮೇಲೆ ಬಿತ್ತು. ಅವರು ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಒಬ್ಬಳು ಮಾತ್ರ ಒಂದು ಸೋಮವಾರ "ನಿನ್ನ ರಜಾ ಹೇಗಿತ್ತು?" ಅಂದಳು. ರಜಾ! ಆ ವಾರ ರಾತ್ರಿ ಎರಡಕ್ಕೆ ಮಲಗಿ ಆರಕ್ಕೆ ಎದ್ದಿದ್ದೆ. ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅವಳದ್ದೂ ತಪ್ಪಿಲ್ಲ. ಇಬ್ಬರು ಮಾಡುವ ಕೆಲಸವನ್ನು ಒಬ್ಬಳೇ ಮಾಡಿದವಳು ಅವಳು.

ಮೊದಲ ವರ್ಷ ಒಂದು ಪ್ರಬಂಧದಲ್ಲಿ ಫೇಲಾದೆ. ಹದಿನೇಳು ವರ್ಷದ ಹಿಂದೆ ಬಿಕಾಂ ಮಾಡಿದವಳು, ಇವರು ಕೇಳುವ 'ನಿಮ್ಮ ಅನುಭವವನ್ನು ವಿಮರ್ಶಿಸಿ' ಅನ್ನುವ ಬರವಣಿಗೆ ಎಲ್ಲಿ ಕಲಿತಿದ್ದೆ? ಮಗಳು ಪಕ್ಕದಲ್ಲಿ ಕೂತು "ಅಮ್ಮಾ, ಇದರಲ್ಲಿ ಏನಾಯ್ತು ಅಂತ ಹೇಳಿದೀಯ, ಯಾಕೆ ಅಂತ ಹೇಳಿಲ್ಲ" ಅಂದಳು. ಎರಡನೇ ಸಲ ಪಾಸಾಯಿತು. ಮಗಳಿಗೆ ಮಸಾಲೆ ದೋಸೆ ಲಂಚ!

ಇನ್ನೊಂದು ಕಹಿ, ಈ ಅವಕಾಶ ಯಾರಿಗೆ ಸಿಗುತ್ತದೆ ಅನ್ನುವುದು. ಕೂಲಿ ಕೊಡುವವರು ಒಪ್ಪದೆ ಅಪ್ರೆಂಟಿಸ್ ಆಗಲು ಬರುವುದಿಲ್ಲ. ನಾನು ಮೊದಲ ಸಲ ಕೇಳಿದಾಗ "ಈ ವರ್ಷ ನಿನ್ನನ್ನು ಬಿಡಲು ಆಗಲ್ಲ" ಅಂದರು. ಎರಡನೇ ವರ್ಷವೂ ಅದೇ. ಮೂರನೇ ಸಲ ಆಯಿತು. ಕೇಳುವ ಧೈರ್ಯ ಇದ್ದವರಿಗೆ, ಹಗಲು ಪಾಳಿಯಲ್ಲಿ ಮ್ಯಾನೇಜರ ಕಣ್ಣಿಗೆ ಬೀಳುವವರಿಗೆ ದಾರಿ ಕಾಣುತ್ತದೆ. ರಾತ್ರಿ ಪಾಳಿಯಲ್ಲಿ ಪೇಷೆಂಟುಗಳನ್ನು ಮಗ್ಗುಲು ಬದಲಿಸುತ್ತಾ ಇರುವ ನಮ್ಮ ಹೆಣ್ಣುಮಕ್ಕಳಿಗೆ ಇಂಥದ್ದೊಂದು ಇದೆ ಅಂತಲೇ ತಿಳಿದಿರುವುದಿಲ್ಲ. ಹೊರದೇಶದಿಂದ ಬಂದವರಾದರೆ ಸಾಮಾನ್ಯವಾಗಿ ಮೂರು ವರ್ಷ ಇಲ್ಲಿ ನೆಲೆಸಿರಬೇಕು ಅನ್ನುವ ನಿಯಮ ಬೇರೆ. ನಿನ್ನೆ ಬಂದು ಇವತ್ತು ಸೇರಲು ಆಗುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಈ ದಾರಿ ಉಳಿಯಬೇಕು, ಅಗಲವಾಗಬೇಕು. ಆದರೆ ಪಾಠದ ಖರ್ಚಿನ ಜೊತೆಗೆ ಆ ದಿನ ವಾರ್ಡಿನಲ್ಲಿ ನಿಲ್ಲುವ ಬದಲಿ ಕೈಗೂ ದುಡ್ಡು ಇಡಬೇಕು. ಇಲ್ಲದಿದ್ದರೆ ಒಬ್ಬಳ ಓದಿನ ಬೆಲೆಯನ್ನು ಪಕ್ಕದಲ್ಲಿರುವ ಇನ್ನೊಬ್ಬ ಕಡಿಮೆ ಸಂಬಳದವಳು ಕೊಡುತ್ತಾಳೆ. ಅವಳಿಗೂ ಒಂದು ದಿನ ಓದುವ ಆಸೆ ಇದ್ದೀತು, ಅಲ್ಲವಾ?

ನಮ್ಮೂರಿಗೂ ಒಂದು ಮಾತು. ಭಾರತದಲ್ಲಿ ಓಟಿ ಆಗಲು ಇಂಟರ್ನ್‌ಶಿಪ್ ಸೇರಿದ ಡಿಗ್ರಿ ಇದೆ, ನಮ್ಮ ಮಣಿಪಾಲದಲ್ಲೇ ಕಲಿಸುತ್ತಾರೆ. 2021ರಲ್ಲಿ ಇಂಥ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯ್ದೆಯೂ ಬಂತು. ಒಳ್ಳೆಯದು. ಆದರೆ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಆಯಾ ಆಗಿ ದುಡಿದವಳಿಗೆ, ಪೇಷೆಂಟಿನ ಮುಖ ನೋಡಿಯೇ ನೋವು ಎಲ್ಲಿದೆ ಅಂತ ಹೇಳುವವಳಿಗೆ, ಮೇಲೆ ಹತ್ತಲು ಒಂದು ಏಣಿ ಇದೆಯಾ? ಇಂಗ್ಲೆಂಡಿನದ್ದನ್ನು ಹಾಗೇ ತಂದು ಅಂಟಿಸಿ ಅನ್ನುತ್ತಿಲ್ಲ. ದುಡಿಯುವ ಕೈಗೆ ಕಲಿಯುವ ಹಕ್ಕೂ ಇದೆ ಅನ್ನುವುದನ್ನಾದರೂ ಒಪ್ಪಿಕೊಳ್ಳಬಹುದಲ್ಲ.

ಇಲ್ಲೇ ಕೆಲಸ ಮಾಡುತ್ತಾ ಯೋಚಿಸುತ್ತಿರುವ ಕನ್ನಡದ ಗೆಳತಿಯರಿಗೆ ಹೇಳುವುದು: ಕೇಳಿ. ಇಲ್ಲ ಅಂದರೆ ಮುಂದಿನ ವರ್ಷ ಮತ್ತೆ ಕೇಳಿ. ಸೇರುವ ಮುಂಚೆ ನಿಮ್ಮ ಬದಲಿಗೆ ಯಾರು ಬರುತ್ತಾರೆ ಅಂತ ಕೇಳುವುದನ್ನು ಮಾತ್ರ ಮರೆಯಬೇಡಿ. ನಾನು ಮರೆತಿದ್ದೆ.

ಅಂದ ಹಾಗೆ, ಚಿಕ್ಕಪ್ಪ ನಿನ್ನೆ ಮತ್ತೆ ಫೋನ್ ಮಾಡಿದ್ದರು. ಚಿಕ್ಕಮ್ಮನಿಗೆ ಕೈ ನಡುಕ ಜಾಸ್ತಿಯಾಗಿ ಕಾಫಿ ಲೋಟ ಹಿಡಿಯಲು ಆಗುತ್ತಿಲ್ಲವಂತೆ, ನೆಂಟರು ಬಂದರೆ ಒಳಗೇ ಕೂರುತ್ತಾಳಂತೆ. "ನೀನು ಅದೇನೋ ಓದ್ತಿದೀಯಲ್ಲ, ಅದ್ರಲ್ಲಿ ಇದಕ್ಕೇನಾದ್ರೂ ಇದೆಯಾ?" ಅಂದರು.

ಡಾಕ್ಟರಿಗೆ ಮೊದಲು ತೋರಿಸಿ ಅಂದೆ. ಆಮೇಲೆ ಚಿಕ್ಕಮ್ಮನ ಕೈಗೇ ಫೋನ್ ಕೊಡಿಸಿ, ಲೋಟ ಹೇಗೆ ಹಿಡಿಯುತ್ತಾಳೆ, ಎಲ್ಲಿ ಕೂತು ಕುಡಿಯುತ್ತಾಳೆ, ಯಾರ ಮುಂದೆ ಕುಡಿಯಲು ಸಂಕೋಚ ಅಂತ ಒಂದೊಂದಾಗಿ ಕೇಳಿದೆ. ಮುಕ್ಕಾಲು ಗಂಟೆ ಮಾತಾಡಿದೆವು.

ನಿಮ್ಮ ಮನೆಯಲ್ಲೂ ಹೀಗೆ ಒಳಗೇ ಕೂತವರು ಯಾರಾದರೂ ಇದ್ದಾರಾ? ಇದ್ದರೆ ಬರೆಯಿರಿ.