ನೆಟಿಕೆ ತೆಗೆಸೋ ಮುಂಚೆ ಬೆರಳು ನೋಡ್ಕೊಳ್ಳಿ

ಕಟಿಂಗ್ ಮುಗಿಯಿತು. ಭುಜದ ಮೇಲಿನ ಕೂದಲು ಕೊಡವಿದ್ದೂ ಆಯಿತು. ಆಮೇಲೆ ಗಿರಾಕಿಯ ಮಾತು ಒಂದೇ: ‘ಕುತ್ತಿಗೆ ಹಿಡ್ಕೊಂಡಿದೆ, ಒಂದ್ಸಲ ನೆಟಿಕೆ ತೆಗಿಯಪ್ಪಾ.’ ಎಡಕ್ಕೊಂದು ಲಟಕ್, ಬಲಕ್ಕೊಂದು ಲಟಕ್. ಈ ಅಂಕಣ ಬರೆಯುವವನೂ ವರ್ಷಗಟ್ಟಲೆ ಆ ಕುರ್ಚಿಯಲ್ಲಿ ಕೂತು ‘ಹಾಯ್’ ಎಂದವನೇ. ಹಾಗಾಗಿ ಇದು ಉಪದೇಶವಲ್ಲ, ತಪ್ಪೊಪ್ಪಿಗೆ.

ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ತಲೆ ಬಗ್ಗಿಸುವ ಅಂಗಡಿಯವರಿಗೆ, ಬಸ್ಸಿನ ಕಂಬಿಗೆ ಜೋತುಬಿದ್ದು ಮೊಬೈಲ್ ನೋಡುವ ಪ್ರಯಾಣಿಕರಿಗೆ ಕುತ್ತಿಗೆ ಹಿಡಿಯೋದು ಹೊಸದಲ್ಲ. ಬರೀ ಹಿಡಿದಿದ್ದರೆ ಸಾಮಾನ್ಯವಾಗಿ ನಾಲ್ಕಾರು ದಿನಕ್ಕೆ ಬಿಡುತ್ತದೆ. ಆದರೆ ನೋವು ತೋಳಿಗಿಳಿದು, ಬೆರಳು ಜೋಮು ಹಿಡಿದು, ತಕ್ಕಡಿ ಎತ್ತುವ ಕೈ ಸೋಲತೊಡಗಿದರೆ? ‘ವಾಯು’ ಅಂತ ಸುಮ್ಮನಿರಬೇಡಿ ಸ್ವಾಮಿ, ನರ ಅದುಮಿರಬಹುದು.

ಕುತ್ತಿಗೆಯಲ್ಲಿ ಮೂಳೆ 7, ನಡುವೆ ಮೆತ್ತೆಯಂಥ ಡಿಸ್ಕು, ಅಕ್ಕಪಕ್ಕದಿಂದ ಹೊರಡುವ ನರ 8 ಜೊತೆ. ಡಿಸ್ಕು ಜರುಗಿದರೆ, ವಯಸ್ಸಾಗಿ ಮೂಳೆ ಮೊನೆ ಬೆಳೆದರೆ ನರಕ್ಕೆ ಒತ್ತು ಬೀಳುತ್ತದೆ. ಹೆಬ್ಬೆರಳಿಗೆ ಜೋಮು ಬಂದರೆ ಸಾಮಾನ್ಯವಾಗಿ 6ನೇ ನರ, ನಡುಬೆರಳಾದರೆ 7ನೇದು, ಕಿರುಬೆರಳಾದರೆ 8ನೇದು. ಹೆಚ್ಚಿನವರಿಗೆ ಆಪರೇಷನ್ ಬೇಕಾಗೋಲ್ಲ. ಔಷಧ, ಹೇಳಿಕೊಟ್ಟ ವ್ಯಾಯಾಮದಿಂದಲೇ ಕೆಲವು ವಾರ, ತಿಂಗಳಲ್ಲಿ ಗುಣವಾಗುತ್ತದೆ. ಅಂಥ ಕುತ್ತಿಗೆಯನ್ನು ತಿರುಚಿಸಿಕೊಳ್ಳುವುದು ಮಾತ್ರ ಜೂಜು.

2017ರಲ್ಲಿ ದೆಹಲಿಯ ಕಡೆ ಒಬ್ಬರು ಹೀಗೇ ನೆಟಿಕೆ ತೆಗೆಸಿಕೊಂಡು, ಉಸಿರಾಟದ ನರಕ್ಕೇ ಪೆಟ್ಟಾಗಿ ಆಸ್ಪತ್ರೆ ಸೇರಿದ್ದು ಪತ್ರಿಕೆಗಳಲ್ಲಿ ಬಂತು. 2024ರಲ್ಲಿ ನಮ್ಮದೇ ರಾಜ್ಯದ ಬಳ್ಳಾರಿಯಿಂದ ಸುದ್ದಿ: ತಲೆ ಮಸಾಜಿನ ಜೊತೆ ಕುತ್ತಿಗೆ ತಿರುವಿಸಿಕೊಂಡ ಯುವಕನಿಗೆ ಪಾರ್ಶ್ವವಾಯು. ಕುತ್ತಿಗೆಯಲ್ಲಿ ನರ ಮಾತ್ರವಲ್ಲ, ಮೆದುಳಿಗೆ ರಕ್ತ ಒಯ್ಯುವ ನಾಳವೂ ಇದೆ. ಅದರ ಒಳಪದರ ಹರಿಯಬಹುದು. ಎಲ್ಲರಿಗೂ ಹೀಗಾಗುತ್ತದೆಂದಲ್ಲ. ಆದರೆ ಆದವನ ಅಂಗಡಿ ಬಾಗಿಲು ತೆಗೆಯೋರು ಯಾರು?

ಕ್ಷೌರದಂಗಡಿಯವರನ್ನು ದೂರಿ ಫಲವಿಲ್ಲ. ಕೇಳೋರು ನಾವು, ಬೇಡ ಅಂದರೆ ಮುನಿಸಿಕೊಳ್ಳೋರೂ ನಾವೇ. ಅವರ ಸಂಘವೇ ಮುಂದೆ ಬಂದು ಪ್ರತಿ ಕನ್ನಡಿಯ ಮೇಲೂ ಒಂದು ಚೀಟಿ ಅಂಟಿಸಲಿ: ‘ಇಲ್ಲಿ ಕುತ್ತಿಗೆ ನೆಟಿಕೆ ತೆಗೆಯುವುದಿಲ್ಲ.’ ಜಿಲ್ಲಾ ಆರೋಗ್ಯ ಇಲಾಖೆಯವರು ಆ ಚೀಟಿ ಅಚ್ಚು ಹಾಕಿಸಿಕೊಡಲಿ. ಅದಕ್ಕೇನು ಲಕ್ಷಗಟ್ಟಲೆ ಅನುದಾನ ಬೇಕಾ?

ಕೊನೇ ಮಾತು. ಕೈ ಸೋಲುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಅಂಗಿ ಗುಂಡಿ ಹಾಕಲಾಗದೆ, ಕಾಲು ತಡವರಿಸಿ, ಮೂತ್ರದ ಹಿಡಿತ ತಪ್ಪಿದರೆ ನಾಳೆ ಅನ್ನಬೇಡಿ, ಅವತ್ತೇ ಹೋಗಿ. ತೋಳುನೋವಿನ ಜೊತೆ ಎದೆ ಬಿಗಿದು ಬೆವರಿದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಕೂದಲು ಮತ್ತೆ ಬೆಳೆಯುತ್ತೆ. ಕುತ್ತಿಗೆ ಒಂದೇ.